ಮೇಲಿನಿಂದ ಕಂಡ ಬಂದರು, ಕೆಳಗಿನಿಂದ ಕಂಡ ಹೆಲಿಕಾಪ್ಟರ್

ಪೆರ್ಲ, ಪಡ್ರೆ, ಸ್ವರ್ಗ, ಬೆಳ್ಳೂರು, ಕುಂಬ್ಡಾಜೆ. ಕಾಸರಗೋಡು ಜಿಲ್ಲೆಯ ಪೂರ್ವದ ಈ ಗುಡ್ಡೆಗಳಲ್ಲಿ ಬೆಳೆದು ಈಗ ನಲವತ್ತು ದಾಟಿದವರಲ್ಲಿ ಹೆಲಿಕಾಪ್ಟರ್ ನೋಡದವರು ಇರಲಿಕ್ಕಿಲ್ಲ. ರೈಲು ನೋಡುವ ಮೊದಲೇ ಹೆಲಿಕಾಪ್ಟರ್ ನೋಡಿದ ಮಕ್ಕಳು ನಾವು. ರೈಲು ನೋಡಬೇಕಾದರೆ ಕುಂಬಳೆಗೋ ಕಾಸರಗೋಡಿಗೋ ಇಳಿಯಬೇಕಿತ್ತು. ಹೆಲಿಕಾಪ್ಟರ್ ನಮ್ಮ ಮನೆ ಅಂಗಳದ ಮೇಲೆಯೇ ಬರುತ್ತಿತ್ತು.

ಗೇರು ಹೂ ಬಿಡುವ ಕಾಲ ಅದು. ಬೆಳಗ್ಗಿನ ಇಬ್ಬನಿ ಆರುವ ಮೊದಲೇ ಗುಡ್ಡೆಯ ಆಚೆ ಸದ್ದು ಶುರುವಾಗುತ್ತಿತ್ತು. ನಾವು ಮಕ್ಕಳೆಲ್ಲ ಶಾಲೆಯ ಚೀಲ ಹಿಡಿದುಕೊಂಡೇ ಗುಡ್ಡೆ ಹತ್ತಿ ಓಡುತ್ತಿದ್ದೆವು. ಕೈ ಬೀಸುತ್ತಿದ್ದೆವು. ಪೈಲಟ್ ಕೂತದ್ದು ಕಾಣುವಷ್ಟು ಹತ್ತಿರ ಬರುತ್ತಿತ್ತು. ಅದರ ಹೊಟ್ಟೆಯ ಕೆಳಗಿನಿಂದ ಬಿಳಿ ಹೊಗೆಯಂಥದ್ದು ಹರಡುತ್ತಿತ್ತು. ಗಾಳಿ ನಮ್ಮ ಕಡೆ ಬೀಸಿದರೆ ಮುಖದ ಮೇಲೆ ಸಣ್ಣ ಸಣ್ಣ ಹನಿ ಬೀಳುತ್ತಿತ್ತು. ಗೇರಿಗೆ ಮದ್ದು ಬಿಡುತ್ತಿದ್ದಾರೆ ಎಂದು ದೊಡ್ಡವರು ಹೇಳುತ್ತಿದ್ದರು. ಅಡಿಕೆಗೆ ಮಳೆಗಾಲದಲ್ಲಿ ಮೈಲುತುತ್ತು ಸುಣ್ಣ ಬಿಡುವುದನ್ನು ನೋಡಿದ ಮನೆಗಳು. ಮದ್ದು ಅಂದರೆ ಅಂಥದ್ದೇ ಇರಬೇಕು ಅಂತಲೇ ಎಲ್ಲರೂ ನಂಬಿದ್ದರು. ಆ ಮದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ. ಆ ಹೆಸರು ಊರಿನವರ ಬಾಯಿಗೆ ಬಂದದ್ದು ಬಹಳ ವರ್ಷಗಳ ನಂತರ.

ಇಷ್ಟನ್ನು ಮೊದಲೇ ಹೇಳದೆ ಮುಂದಿನದನ್ನು ಬರೆಯಲು ನನಗೆ ಆಗುವುದಿಲ್ಲ. ಮುಂದಿನದು ಸಂತೋಷದ ವಿಷಯ. ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹೆಲಿಕಾಪ್ಟರಿನಲ್ಲಿ ಕೂತು ಅಲ್ಲಿನ ಬಂದರಿನ ಮೇಲೆ ಹಾರಿ ಬಂದೆ. ಇಷ್ಟು ಚಂದದ ನೋಟವನ್ನು ನಾನು ಬೇರೆಲ್ಲೂ ನೋಡಿಲ್ಲ. ಟಿಕೆಟ್ ಮಾಡಿಸಿದ್ದು ಮಗಳು. "ಅಮ್ಮಾ, ನಿಂಗೆ ಹೆದರಿಕೆ ಆಗ್ತದಾ?" ಎಂದು ಎರಡೆರಡು ಸಲ ಕೇಳಿದಳು. ಎತ್ತರದ ಹೆದರಿಕೆ ನನಗಿಲ್ಲ. ಸದ್ದು ಕೇಳಿದರೆ ಏನಾಗುತ್ತದೋ ಎಂಬುದಷ್ಟೇ ಮನಸ್ಸಿನಲ್ಲಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ಸಿಡ್ನಿಯ ವಿಮಾನ ನಿಲ್ದಾಣ ಇರುವುದು ಮ್ಯಾಸ್ಕಾಟ್ ಎಂಬಲ್ಲಿ. ಅದರ ಒಂದು ಬದಿಯಿಂದ ಹೆಲಿಕಾಪ್ಟರುಗಳು ಏಳುತ್ತವೆ. ಮೊದಲು ಎಲ್ಲರನ್ನೂ ತೂಕ ಮಾಡಿದರು. ಯಾರು ಎಲ್ಲಿ ಕೂರಬೇಕೆಂಬುದು ಆ ತೂಕದ ಮೇಲೆ ತೀರ್ಮಾನ ಆಗುತ್ತದೆ, ಯಂತ್ರ ಒಂದು ಬದಿಗೆ ವಾಲಬಾರದಲ್ವಾ. ಸೊಂಟಕ್ಕೆ ಒಂದು ಚೀಲ ಕಟ್ಟಿದರು. ಅದರೊಳಗೆ ಮಡಚಿಟ್ಟ ಲೈಫ್ ಜಾಕೆಟ್. ಕಿವಿಗೆ ಹೆಡ್‌ಸೆಟ್ ಹಾಕಿದ ಕೂಡಲೇ ರೆಕ್ಕೆಯ ಸದ್ದು ಎಲ್ಲೋ ದೂರ ಹೋಯಿತು. ಹೆಡ್‌ಸೆಟ್ ಹಾಕಿ ಒಳಗೆ ಕೂತವರಿಗೆ ಹೆಲಿಕಾಪ್ಟರಿನ ಸದ್ದು ಹೆಚ್ಚೇನೂ ಕೇಳುವುದಿಲ್ಲ! ಅದೆಲ್ಲ ಹೊರಗಿನವರಿಗೆ. ಇದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ವಿಮಾನದ ಹಾಗೆ ಓಡುವುದಿಲ್ಲ. ನಿಂತಲ್ಲಿಂದಲೇ ಮೇಲೇಳುತ್ತದೆ. ಕಾಲಡಿಯ ನೆಲ ಕೆಳಗೆ ಸರಿದದ್ದು ಗೊತ್ತಾಗುವಷ್ಟರಲ್ಲಿ ಬಾಟನಿ ಬೇ ಕಾಣಿಸಿತು. ವಿಮಾನಗಳ ಓಡುದಾರಿ ಆ ಕೊಲ್ಲಿಯ ನೀರಿನೊಳಕ್ಕೇ ಚಾಚಿಕೊಂಡಿದೆ. ಜೇಮ್ಸ್ ಕುಕ್ 1770ರ ಏಪ್ರಿಲಿನಲ್ಲಿ ಲಂಗರು ಹಾಕಿದ್ದು ಇದೇ ನೀರಿನಲ್ಲಿ. 18 ವರ್ಷಗಳ ನಂತರ, 1788ರ ಜನವರಿಯಲ್ಲಿ, ಇಂಗ್ಲೆಂಡಿನಿಂದ ಕೈದಿಗಳನ್ನು ತುಂಬಿಕೊಂಡು 11 ಹಡಗುಗಳು ಇಲ್ಲಿಗೇ ಬಂದವು. ಅವರ ಮುಖ್ಯಸ್ಥ ಆರ್ಥರ್ ಫಿಲಿಪ್‌ಗೆ ಈ ಜಾಗ ಹಿಡಿಸಲಿಲ್ಲ. ಗಾಳಿಗೆ ಬಯಲು, ಕುಡಿಯುವ ನೀರು ಕಡಿಮೆ. ಹಾಗಾಗಿ ಸ್ವಲ್ಪ ಉತ್ತರಕ್ಕೆ ಹುಡುಕಿಕೊಂಡು ಹೋದ. ಅಲ್ಲಿ ಸಿಕ್ಕಿದ್ದು ಈಗಿನ ಸಿಡ್ನಿ ಬಂದರು. ಜನವರಿ 26ರಂದು ಎಲ್ಲ ಹಡಗುಗಳೂ ಅಲ್ಲಿಗೆ ಸೇರಿದವು. ನಮ್ಮ ಹೆಲಿಕಾಪ್ಟರ್ ಹೋದದ್ದೂ ಆ ಕಡೆಗೇ, ಸಮುದ್ರದ ದಂಡೆ ಹಿಡಿದುಕೊಂಡು.

ದಂಡೆ ಅಂದರೆ ನಮ್ಮ ಕಡೆಯ ಹಾಗೆ ಉದ್ದಕ್ಕೆ ಹೊಯಿಗೆ, ತೆಂಗು ಅಲ್ಲ. ಮರಳುಗಲ್ಲಿನ ಎತ್ತರದ ಗೋಡೆ. ಅಲ್ಲಲ್ಲಿ ಗೋಡೆ ಒಡೆದಲ್ಲಿ ಸಣ್ಣ ಕಡಲತೀರಗಳು, ಕೂಜಿ, ಬಾಂಡೈ. ಮತ್ತೆ ಬಂಡೆ. ಹೀಗೆ ಹೋಗುತ್ತಾ ಹೋಗುತ್ತಾ ಒಂದು ಕಡೆ ಗೋಡೆ ಪೂರ್ತಿ ಬಿಟ್ಟುಕೊಂಡಿದೆ. ಈಚೆ ಸೌತ್ ಹೆಡ್, ಆಚೆ ನಾರ್ತ್ ಹೆಡ್, ನಡುವೆ ಸಮುದ್ರ ಒಳಗೆ ಹೋಗುವ ಬಾಗಿಲು. ಕುಕ್ ಈ ಬಾಗಿಲನ್ನು ಹಡಗಿನಿಂದಲೇ ನೋಡಿ, ಪೋರ್ಟ್ ಜಾಕ್ಸನ್ ಎಂದು ಹೆಸರಿಟ್ಟು, ಒಳಗೆ ಹೋಗದೆ ಮುಂದೆ ನಡೆದ. ಮೇಲಿನಿಂದ ನೋಡಿದಾಗ ಅದಕ್ಕೆ ಕಾರಣ ಹೊಳೆಯಿತು. ಹೊರಗಿನಿಂದ ಅದು ಬಂಡೆಗಳ ನಡುವಿನ ಒಂದು ತೆರಪು ಅಷ್ಟೇ. ಒಳಗೆ ಎಷ್ಟಿದೆ ಎಂಬುದು ಎತ್ತರಕ್ಕೆ ಏರಿದವರಿಗೆ ಮಾತ್ರ ಒಂದೇ ನೋಟಕ್ಕೆ ಸಿಗುತ್ತದೆ.

ಒಳಗೆ ಇರುವುದು ಒಂದು ಕೊಲ್ಲಿ ಅಲ್ಲ, ಹತ್ತಾರು. ಅಂಗೈಯಿಂದ ಬೆರಳು ಚಾಚಿದ ಹಾಗೆ ನೀರು ಎಲ್ಲ ಕಡೆ ಗುಡ್ಡಗಳ ನಡುವೆ ಹೊಕ್ಕಿದೆ. ಇದು ಹೇಗೆ ಆಯಿತೆಂದು ಪೈಲಟ್ ಹೆಡ್‌ಸೆಟ್ಟಿನಲ್ಲಿ ಹೇಳಿದರು. ಇದು ಮೊದಲು ಬಂದರೇ ಅಲ್ಲ, ಹೊಳೆಯ ಕಣಿವೆ. ಹಿಮಯುಗ ಜೋರಾಗಿದ್ದಾಗ, ಸುಮಾರು 20 ಸಾವಿರ ವರ್ಷಗಳ ಹಿಂದೆ, ಸಮುದ್ರ ಈಗಿನದ್ದಕ್ಕಿಂತ 100 ಮೀಟರಿಗೂ ಜಾಸ್ತಿ ಕೆಳಗಿತ್ತು. ಪ್ಯಾರಮಾಟ ಹೊಳೆ ಆಗ ಇನ್ನೂ ದೂರ ಹರಿದು ಸಮುದ್ರ ಸೇರುತ್ತಿತ್ತು. ಹಿಮ ಕರಗಿ ನೀರು ಏರಿತು. ಕಣಿವೆ ಮುಳುಗಿತು. ಉಪನದಿಗಳ ಕಣಿವೆಗಳೂ ಮುಳುಗಿದವು. ಗುಡ್ಡಗಳ ತಲೆ ಮಾತ್ರ ಉಳಿದು ಮೂತಿಗಳಾದವು, ದ್ವೀಪಗಳಾದವು. ಈಗ ಬಂದರು ಎಂದು ಜನ ಕರೆಯುವುದು ಮುಳುಗಿದ ಹೊಳೆಯನ್ನು.

ನನ್ನ ಕಣ್ಣಿಗೆ ಆಗ ಚಂದ್ರಗಿರಿ ಬಂತು. ಕೊಡಗಿನಲ್ಲಿ ಹುಟ್ಟಿ, ಪಯಸ್ವಿನಿಯಾಗಿ ಸುಳ್ಯ ದಾಟಿ, ತಳಂಗರೆಯ ಹತ್ತಿರ ಕಡಲು ಸೇರುವ ನಮ್ಮ ಹೊಳೆ. ಅದರ ಕಣಿವೆಗೂ ಕಡಲು ನುಗ್ಗಿದ್ದುಂಟು. ಆದರೆ ನಮ್ಮಲ್ಲಿ ಬೀಳುವ ಮಳೆಯೇ ಬೇರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊಳೆಗಳೆಲ್ಲ ಘಟ್ಟದಿಂದ, ಮುರಕಲ್ಲಿನ ಗುಡ್ಡೆಗಳಿಂದ ಮಣ್ಣು ಹೊಯಿಗೆ ಹೊತ್ತು ತರುತ್ತವೆ. ಕಡಲಿನ ಅಲೆ ಅದನ್ನು ವಾಪಸ್ ತಳ್ಳುತ್ತದೆ. ಅಳಿವೆ ಬಾಗಿಲಿನಲ್ಲಿ ದಿಬ್ಬ ಏಳುತ್ತದೆ. ಬಾಯಿ ಒಂದು ವರ್ಷ ಇಲ್ಲಿ, ಇನ್ನೊಂದು ವರ್ಷ ಅಲ್ಲಿ. ಸಿಡ್ನಿಯ ಹೊಳೆ ಸಣ್ಣದು, ಮಣ್ಣು ತರುವುದೂ ಕಡಿಮೆ. ಹಾಗಾಗಿ ಅಲ್ಲಿ ಆಳ ಉಳಿಯಿತು, ದೊಡ್ಡ ಹಡಗು ಪೇಟೆಯ ನಡುವಿನವರೆಗೂ ಬರುತ್ತದೆ. ನಮ್ಮಲ್ಲಿ ಬಂದರುಗಳು ತುಂಬಿಹೋದವು.

ಅಂದರೆ ನಮಗೆ ಬಂದರಿನ ಚರಿತ್ರೆ ಇಲ್ಲ ಎಂದಲ್ಲ. ಪೋರ್ಚುಗೀಸ್ ಪ್ರವಾಸಿ ಬಾರ್ಬೋಸ 1500ರ ದಶಕಗಳಲ್ಲಿ ಕುಂಬಳೆಯ ಬಗ್ಗೆ ಬರೆದಿದ್ದಾನೆ. ಇಲ್ಲಿಂದ ಅಕ್ಕಿ ಮಾಲ್ಡೀವ್ಸಿಗೆ ಹೋಗುತ್ತಿತ್ತಂತೆ, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತಂತೆ. ಇವತ್ತು ಕುಂಬಳೆ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಅದನ್ನು ನಂಬುವುದೇ ಕಷ್ಟ. ಮಂಗಳೂರಿನ ಹಳೆ ಬಂದರಿನಲ್ಲಿ ಈಗಲೂ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳು ನಿಲ್ಲುತ್ತವೆ. ದೊಡ್ಡ ಹಡಗಿಗೆ ಬೇಕಾದ ಆಳ ಅಲ್ಲಿಲ್ಲ. ಅದಕ್ಕೇ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು, 1975ರಲ್ಲಿ ಉದ್ಘಾಟನೆ ಆಯಿತು.

ಸಿಡ್ನಿಗೆ ವಾಪಸ್ ಬರುತ್ತೇನೆ. ಹೆಲಿಕಾಪ್ಟರ್ ಈಗ ಬಂದರಿನ ಒಳಗೆ. ಕೆಳಗೆ ನೀಲಿ ನೀರು, ಬಿಳಿ ಹಾಯಿದೋಣಿಗಳು, ಹಸಿರು ಹಳದಿ ಬಣ್ಣದ ಫೆರಿಗಳು. ಒಂದು ಚಿಕ್ಕ ಕಲ್ಲಿನ ದ್ವೀಪ, ಅದರ ಮೇಲೆ ಗುಂಡಗಿನ ಗೋಪುರ. ಅದು ಫೋರ್ಟ್ ಡೆನಿಸನ್, 1857ರಲ್ಲಿ ಕಟ್ಟಿ ಮುಗಿಸಿದ್ದು. ಅದನ್ನು ದಾಟಿದ ಕೂಡಲೇ ಒಂದು ಕಡೆ ಒಪೆರಾ ಹೌಸ್, ಇನ್ನೊಂದು ಕಡೆ ಸೇತುವೆ. ಪೈಲಟ್ ಯಂತ್ರವನ್ನು ಬದಿಗೆ ವಾಲಿಸಿ ಒಂದು ಸುತ್ತು ಹಾಕಿದರು. ನನ್ನ ಕಿಟಕಿಯ ತುಂಬ ಅದೇ.

ಸೇತುವೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಎರಡೂ ದಡಗಳಿಂದ ಅರ್ಧರ್ಧ ಕಮಾನು ನೀರಿನ ಮೇಲೆ ಬೆಳೆದು ಬಂದು, 1930ರ ಆಗಸ್ಟಿನಲ್ಲಿ ನಡುವೆ ಒಂದಕ್ಕೊಂದು ಸೇರಿದವು. 503 ಮೀಟರ್ ಉದ್ದದ ಕಮಾನು. ಕೆಳಗೆ ಒಂದು ಕಂಬವೂ ಇಲ್ಲ. ಅದರ ತುದಿ ನೀರಿನಿಂದ 134 ಮೀಟರ್ ಮೇಲೆ. ಸುಮಾರು 60 ಲಕ್ಷ ರಿವೆಟ್ ಹೊಡೆದಿದ್ದಾರೆ, ಕೆಂಪಗೆ ಕಾಯಿಸಿ, ಎಸೆದು, ಬಕೆಟ್ಟಿನಲ್ಲಿ ಹಿಡಿದು ಹೊಡೆದದ್ದು. ಕೆಲಸದಲ್ಲಿ 16 ಜನ ಸತ್ತರು. 1932ರ ಮಾರ್ಚ್ 19ರಂದು ಸೇತುವೆ ತೆರೆಯಿತು. ನಾವು ಮೇಲಿದ್ದಾಗ ಕಮಾನಿನ ಬೆನ್ನಿನ ಮೇಲೆ ಸಾಲಾಗಿ ಜನ ಹತ್ತುತ್ತಿದ್ದರು. ಅವರಲ್ಲೊಬ್ಬರು ನಮ್ಮತ್ತ ಕೈ ಬೀಸಿದರು. ನಾನೂ ಬೀಸಿದೆ. ಮಗಳಿಗೆ ನನ್ನ ಕಣ್ಣಲ್ಲಿ ನೀರು ಬಂದದ್ದು ಕಂಡಿತು. ನೋಟ ನೋಡಿ ಬಂತು ಅಂದುಕೊಂಡಳು. ಅದೂ ಇತ್ತು.

ಒಪೆರಾ ಹೌಸಿನ ಚಿಪ್ಪುಗಳು ದೂರದಿಂದ ಬಿಳಿ. ಹತ್ತಿರ ಬಂದರೆ ಅವು ಹೆಂಚು ಹೊದ್ದ ಮೈ, 10 ಲಕ್ಷಕ್ಕೂ ಜಾಸ್ತಿ ಹೆಂಚುಗಳು. ಡೆನ್ಮಾರ್ಕಿನ ಯೋರ್ನ್ ಉಟ್ಸೊನ್ ಮಾಡಿದ ನಕ್ಷೆ. ಜಗಳ ಆಗಿ ಆತ 1966ರಲ್ಲಿ ಕೆಲಸ ಬಿಟ್ಟು ಹೋದ. 1973ರಲ್ಲಿ ಕಟ್ಟಡ ಪೂರ್ತಿಯಾಯಿತು. ಆತ 2008ರವರೆಗೆ ಬದುಕಿದ್ದ, ಆದರೆ ಮುಗಿದ ಕಟ್ಟಡವನ್ನು ಬಂದು ನೋಡಲೇ ಇಲ್ಲ. ಇದು ನನ್ನನ್ನು ಬಹಳ ಕಾಡಿತು.

ಆ ಕಟ್ಟಡ ನಿಂತ ಜಾಗದ ಹೆಸರು ಬೆನ್ನೆಲಾಂಗ್ ಪಾಯಿಂಟ್. ಬೆನ್ನೆಲಾಂಗ್ ಅಲ್ಲಿನ ಮೂಲನಿವಾಸಿ. ಈ ದಡಗಳಲ್ಲಿ ಗ್ಯಾಡಿಗಲ್ ಜನ ಸಾವಿರಾರು ವರ್ಷ ಇದ್ದರು. ಮರದ ತೊಗಟೆಯ ದೋಣಿಗಳಲ್ಲಿ ಹೆಂಗಸರು ಮೀನು ಹಿಡಿಯುತ್ತಿದ್ದರು, ದೋಣಿಯಲ್ಲೇ ಬೆಂಕಿ ಮಾಡಿ ಸುಡುತ್ತಿದ್ದರು. ತಿಂದು ಬಿಟ್ಟ ಚಿಪ್ಪುಗಳು ದಡದಲ್ಲಿ ದಿಬ್ಬ ದಿಬ್ಬವಾಗಿ ಬಿದ್ದಿದ್ದವು. ಬಿಳಿಯರು ಬಂದ ಮೇಲೆ ಆ ದಿಬ್ಬಗಳನ್ನೇ ಸುಟ್ಟು ಸುಣ್ಣ ಮಾಡಿ ಮನೆ ಕಟ್ಟಿದರು. ನಮ್ಮಲ್ಲೂ ಹೊಳೆಯ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ಹಾಗಾಗಿ ಆ ಕೆಲಸ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತು. ಇನ್ನೊಬ್ಬರ ಅಷ್ಟು ತಲೆಮಾರುಗಳ ಊಟದ ಗುರುತನ್ನು ಸುಟ್ಟು ಗೋಡೆ ಏಳಿಸಿದ್ದು ಮಾತ್ರ ಬೇರೆ ಸಂಗತಿ. 1789ರಲ್ಲಿ ಸಿಡುಬು ಬಂದು ಆ ಜನರಲ್ಲಿ ಬಹಳ ಮಂದಿ ಸತ್ತರು. ಮೇಲಿನಿಂದ ಇದು ಯಾವುದೂ ಕಾಣುವುದಿಲ್ಲ.

ಇನ್ನೊಂದು ಕಾಣದ ಸಂಗತಿ ಇದೆ. ಫಿಲಿಪ್ ಇದೇ ಮೂಲೆಯಲ್ಲಿ ಊರು ಹೂಡಲು ಕಾರಣ ಒಂದು ಸಣ್ಣ ತೋಡು. ಸಿಹಿನೀರಿನ ತೋಡು. ಬರಗಾಲಕ್ಕೆಂದು ಅದರ ದಡದ ಕಲ್ಲಿನಲ್ಲಿ ತೊಟ್ಟಿ ಕಡೆದರು, ಅದಕ್ಕೆ ಟ್ಯಾಂಕ್ ಸ್ಟ್ರೀಮ್ ಎಂದೇ ಹೆಸರಾಯಿತು. ಊರು ಬೆಳೆಯಿತು. ಹಂದಿ, ಕೊಟ್ಟಿಗೆ, ಕಸ, ಚರಂಡಿ ಎಲ್ಲ ಆ ತೋಡಿಗೇ ಬಂತು. ಗಲೀಜು ಮಾಡಬಾರದೆಂಬ ಆಜ್ಞೆಗಳು ನಡೆಯಲಿಲ್ಲ. 1826ರ ಹೊತ್ತಿಗೆ ಆ ನೀರು ಕುಡಿಯುವುದನ್ನು ಬಿಡಬೇಕಾಯಿತು. ಅಂದರೆ ನಲವತ್ತು ವರ್ಷದೊಳಗೆ. ತೋಡು ಈಗಲೂ ಇದೆ, ಎತ್ತರದ ಗಾಜಿನ ಕಟ್ಟಡಗಳ ಕೆಳಗೆ ಮಳೆನೀರಿನ ಚರಂಡಿಯಾಗಿ. ನಾನು ಕಿಟಕಿಗೆ ಹಣೆ ಒತ್ತಿ ಅದರ ಜಾಡು ಹುಡುಕಿದೆ. ಸಿಗಲಿಲ್ಲ.

ಹೆಲಿಕಾಪ್ಟರ್ ಪಶ್ಚಿಮಕ್ಕೆ ತಿರುಗಿತು. ಪ್ಯಾರಮಾಟ ಹೊಳೆ ಹಿಡಿದು ಸ್ವಲ್ಪ ದೂರ ಹೋದೆವು. ಕಾಕಟೂ ದ್ವೀಪ ದಾಟಿತು. ಹಿಂದೆ ಅಲ್ಲಿ ಕೈದಿಗಳ ಜೈಲು, ಆಮೇಲೆ ಹಡಗು ಕಟ್ಟೆ. "ಅದು ಒಲಿಂಪಿಕ್ ಪಾರ್ಕ್, 2000ದ ಕ್ರೀಡಾಕೂಟ ಅಲ್ಲೇ ನಡೆದದ್ದು" ಎಂದು ಪೈಲಟ್ ತೋರಿಸಿದರು. ಪಕ್ಕದಲ್ಲಿ ಹೊಳೆಯುವ ಒಂದು ಕೊಲ್ಲಿ, ದಡದಲ್ಲಿ ಹೊಸ ಹೊಸ ಫ್ಲಾಟುಗಳು. ಚಂದ ಇತ್ತು. ಅಲ್ಲಿಂದ ವಾಪಸ್.

ಆ ಕೊಲ್ಲಿಯ ಕಥೆ ಹೇಳಿದ್ದು ಅಳಿಯ. ಸಂಜೆ ಮನೆಗೆ ಮೀನು ತಂದಿದ್ದ. ಬಂದರಿನಲ್ಲಿ ಹಿಡಿದದ್ದಾ ಎಂದು ನಾನು ಸಹಜವಾಗಿ ಕೇಳಿದೆ. "ಇಲ್ಲ ಅತ್ತೆ, ಬಂದರಿನ ಮೀನು ತಿನ್ನಬಾರದು ಅಂತಿದೆ" ಎಂದ. ಸೇತುವೆಯಿಂದ ಪಶ್ಚಿಮಕ್ಕೆ ಹಿಡಿದ ಮೀನನ್ನು ತಿನ್ನಲೇಬಾರದು ಎಂಬುದು ಅಲ್ಲಿನ ಸರಕಾರದ ಸಲಹೆ. ಪೂರ್ವಕ್ಕೆ ಹಿಡಿದದ್ದನ್ನೂ ಸ್ವಲ್ಪವೇ ತಿನ್ನಬೇಕು. ಮಾರಾಟಕ್ಕೆ ಮೀನು ಹಿಡಿಯುವುದನ್ನು 2006ರಿಂದಲೇ ನಿಲ್ಲಿಸಿದ್ದಾರೆ. ಕಾರಣ ಡಯಾಕ್ಸಿನ್ ಎಂಬ ವಿಷ. ಅದು ಹೊಳೆಯ ತಳದ ಕೆಸರಿನಲ್ಲಿದೆ. ಪೈಲಟ್ ತೋರಿಸಿದ ಆ ಕೊಲ್ಲಿ, ಹೋಂಬುಷ್ ಬೇ, ಅದರ ದಡದಲ್ಲಿ ದಶಕಗಳ ಕಾಲ ಯೂನಿಯನ್ ಕಾರ್ಬೈಡ್‌ನ ಕಾರ್ಖಾನೆ ಇತ್ತು. ಭೋಪಾಲದಿಂದಾಗಿ ನಮಗೆ ಗೊತ್ತಿರುವ ಅದೇ ಹೆಸರು. ಅಲ್ಲಿ ಕಳೆನಾಶಕ ತಯಾರಾಗುತ್ತಿತ್ತು. ಅದರಲ್ಲೊಂದು 2,4,5-ಟಿ, ಅದನ್ನು ತಯಾರಿಸುವಾಗ ಹುಟ್ಟುವುದೇ ಈ ಡಯಾಕ್ಸಿನ್. ವಿಯೆಟ್ನಾಂ ಕಾಡುಗಳ ಮೇಲೆ ವಿಮಾನದಿಂದ ಸುರಿದ ಏಜೆಂಟ್ ಆರೆಂಜಿನಲ್ಲಿ ಇದ್ದದ್ದೂ ಅದೇ ರಾಸಾಯನಿಕ. ದಡದ ಮಣ್ಣನ್ನು ತೆಗೆದು ಶುದ್ಧ ಮಾಡಿದ್ದಾರೆ, ಬಹಳ ಹಣ ಖರ್ಚು ಮಾಡಿದ್ದಾರೆ. ಬಂದರಿನ ತಳದ ಕೆಸರನ್ನೆಲ್ಲ ಎತ್ತಲು ಆಗುತ್ತದಾ?

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದ ಅಷ್ಟು ಚಂದದ ನೀರು, ಅದೇ ನೀರಿನ ಮೀನು ತಿನ್ನುವಂತಿಲ್ಲ. ಒಂದೂವರೆ ಸಾವಿರ ಅಡಿ ಮೇಲಿನಿಂದ ನಾನು ಬಂದರಿನ ಆಕಾರ ಪೂರ್ತಿ ಕಂಡೆ. ಹೊಳೆ ಹೇಗೆ ಮುಳುಗಿತು, ಊರು ಯಾಕೆ ಅಲ್ಲಿ ನಿಂತಿತು, ಸೇತುವೆ ಯಾಕೆ ಅಲ್ಲೇ ಬೇಕಾಯಿತು, ಎಲ್ಲ ಅರ್ಥ ಆಯಿತು. ಕೆಳಗೆ ನಿಂತು ನೋಡಿದರೆ ಅದು ಅರ್ಥ ಆಗುತ್ತಿರಲಿಲ್ಲ. ಆದರೆ ಆ ನೀರನ್ನು ಬಾಯಿಗೆ ಹಾಕಬಹುದಾ ಎಂಬುದು ಮೀನು ಹಿಡಿಯುವವನಿಗೆ ಗೊತ್ತು, ಮೇಲೆ ಹಾರಿದವರಿಗಲ್ಲ.

ನಮ್ಮ ಗುಡ್ಡೆಗಳ ಮೇಲೆ ಹಾರಿದವರಿಗೆ ಏನು ಕಂಡಿರಬಹುದು ಎಂದು ನಾನು ಯೋಚಿಸಿದ್ದು ಆಗ. ಇಷ್ಟು ವರ್ಷ ನಾನು ಅದನ್ನು ಕೆಳಗಿನಿಂದ ಮಾತ್ರ ನೋಡಿದ್ದೆ. ಗುಡ್ಡೆಯ ನೆತ್ತಿಯಲ್ಲಿ ಗೇರು, ಒಂದೇ ಸಮನೆ ಹಸಿರು. ಕೆಳಗೆ ಬೈಲಿನಲ್ಲಿ ಅಡಿಕೆ ತೋಟ, ಅದೂ ಹಸಿರು. ನಮ್ಮ ಮನೆಗಳು ಇರುವುದು ಅಡಿಕೆ ಮರಗಳ ಅಡಿಯಲ್ಲಿ. ಹಂಚಿನ ಮಾಡು ಮೇಲಿನಿಂದ ತುಂಡು ತುಂಡಾಗಿ ಕಂಡರೆ ಕಂಡೀತು. ತೋಡು ಮರಗಳ ನೆರಳಿನಲ್ಲಿ ಹರಿಯುತ್ತದೆ. ಸುರಂಗದ ಬಾಯಿಯಂತೂ ಕಾಣುವುದೇ ಇಲ್ಲ. ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆದ ಆ ಸುರಂಗಗಳಿಂದಲೇ ನಮ್ಮ ಮನೆಗಳಿಗೆ ನೀರು. ಗುಡ್ಡೆಯ ಮೇಲೆ ಬಿದ್ದದ್ದು ಇಳಿದು, ಸೋಸಿ, ಹನಿ ಹನಿಯಾಗಿ ಅಲ್ಲಿಗೇ ಬರುತ್ತದೆ. ಮದ್ದು ಬಿಡುವ ದಿನ ಬಾವಿ ಮುಚ್ಚಿ ಎಂದು ಹೇಳಿ ಹೋಗುತ್ತಿದ್ದದ್ದು ನೆನಪಿದೆ. ತೆಂಗಿನ ಮಡಲು ಹಾಕಿ ಅಮ್ಮ ಬಾವಿ ಮುಚ್ಚುತ್ತಿದ್ದಳು. ತೋಡು ಮುಚ್ಚುವುದು ಹೇಗೆ? ಗುಡ್ಡೆ ಮುಚ್ಚುವುದು ಹೇಗೆ?

ಗೇರಿನ ಚಿಗುರು, ಹೂವು ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಆ ಮದ್ದು. 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಬಾರಿ, ಆಕಾಶದಿಂದ ಬಿಟ್ಟರು. ಮರದ ತುದಿಯಿಂದ ಎರಡು ಮೂರು ಮೀಟರ್ ಮೇಲಷ್ಟೇ ಹಾರಬೇಕೆಂಬ ನಿಯಮ ಇತ್ತು. ಏರು ತಗ್ಗಿನ ನಮ್ಮ ನೆಲದಲ್ಲಿ ಹಾಗೆ ಹಾರುವುದು ಆಗುವ ಮಾತಲ್ಲ. ಮೊದಲು ಜೇನು ಹೋಯಿತು. ತೋಡಿನಲ್ಲಿ ಮೀನು ಸತ್ತು ತೇಲಿತು. ಅಂಗವಿಕಲ ಕರುಗಳು ಹುಟ್ಟಿದ ಬಗ್ಗೆ ಪತ್ರಕರ್ತ ಶ್ರೀ ಪಡ್ರೆಯವರು ಬಹಳ ಹಿಂದೆಯೇ ಬರೆದಿದ್ದರು. ಆಮೇಲೆ ಮಕ್ಕಳು. ಕೈಕಾಲು ಬಲಿಯದ, ತಲೆ ದೊಡ್ಡದಾದ, ಮಾತು ಬಾರದ ಮಕ್ಕಳು ಒಂದೊಂದು ಬೈಲಿನಲ್ಲೂ. ವಾಣಿನಗರದ ಡಾಕ್ಟರ್ ಮೋಹನ ಕುಮಾರ್ ತಮ್ಮ ರೋಗಿಗಳ ಮನೆ ಮನೆ ಲೆಕ್ಕ ಬರೆದಿಟ್ಟು, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಕಾಯಿಲೆ ಯಾಕೆ ಎಂದು ಕೇಳಿದರು. ಪೆರಿಯದ ಲೀಲಾಕುಮಾರಿ ಅಮ್ಮ ನಮ್ಮ ಜಿಲ್ಲೆಯದ್ದೇ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 2000ದಲ್ಲಿ ಕೋರ್ಟು ಆಕಾಶದಿಂದ ಸಿಂಪಡಿಸುವುದನ್ನು ತಡೆಯಿತು. ಒಬ್ಬ ಡಾಕ್ಟರು ಮತ್ತು ಒಬ್ಬ ಹೆಂಗಸು. ಇಬ್ಬರೂ ನೆಲದ ಮೇಲೆ ನಡೆದು ನೋಡಿದವರು.

2011ರ ಮೇಯಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದಿತು. ಐದು ವರ್ಷ ಕಳೆದರೂ ಹೆಚ್ಚಿನವರಿಗೆ ಸಿಗಲಿಲ್ಲ ಎಂದು 2022ರಲ್ಲಿ ಮತ್ತೆ ಅದೇ ಕೋರ್ಟು ಗದರಿಸಬೇಕಾಯಿತು. ಈ ಇಸವಿಗಳನ್ನು ನಮ್ಮ ಕಡೆಯ ತಾಯಂದಿರು ಮಕ್ಕಳ ಹುಟ್ಟಿದ ದಿನದ ಜೊತೆ ಜೊತೆಗೆ ನೆನಪಿಟ್ಟುಕೊಂಡಿದ್ದಾರೆ.

ಪೈಲಟ್ ಹೇಳಿದ ಇನ್ನೊಂದು ಮಾತು ಇಲ್ಲಿ ಬರೆಯಬೇಕು. ನಾವು ಒಂದು ಜಾಗದಲ್ಲಿ ಮನೆಗಳ ಮೇಲೆ ಹೋಗದೆ ನೀರಿನ ಮೇಲೆ ಬಳಸಿಕೊಂಡು ಹೋದೆವು. ಯಾಕೆಂದು ಮಗಳು ಕೇಳಿದಳು. ಕೆಳಗಿನ ಮನೆಗಳವರಿಗೆ ಸದ್ದಿನ ಕಿರಿಕಿರಿ ಆಗಬಾರದು, ಅವರು ದೂರು ಕೊಡುತ್ತಾರೆ, ಹಾಗಾಗಿ ಆದಷ್ಟು ನೀರಿನ ಮೇಲೆ ಹಾರುತ್ತೇವೆ ಎಂದರು. ಆಗ ಸುಮ್ನೆ ತಲೆ ಆಡಿಸಿದೆ. ಆಮೇಲೆ ಅದು ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಕೆಳಗಿರುವವರ ಮಧ್ಯಾಹ್ನದ ನಿದ್ದೆಗಾಗಿ ಹೆಲಿಕಾಪ್ಟರ್ ದಾರಿ ಬದಲಿಸುವುದು ಸಾಧ್ಯ ಇದೆ. ಅದು ಕಷ್ಟದ ಕೆಲಸವೂ ಅಲ್ಲ. ಕೆಳಗಿನವರನ್ನು ಕೇಳಬೇಕು, ಅಷ್ಟೇ. ನಮ್ಮನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಯಾರೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ತವರಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಒಪೆರಾ ಹೌಸಿನ ಫೋಟೋವನ್ನು ಹತ್ತಿರ ಹಿಡಿದು ನೋಡಿದಳು. ಸೇತುವೆ ಅವಳಿಗೆ ತುಂಬ ಹಿಡಿಸಿತು. "ಕಬ್ಬಿಣಕ್ಕೆ ತುಕ್ಕು ಹಿಡಿಯುದಿಲ್ವಾ, ಕಡಲ ಗಾಳಿಗೆ?" ಎಂದು ಕೇಳಿದಳು. ಬಣ್ಣ ಬಳಿಯುತ್ತಲೇ ಇರುತ್ತಾರಂತೆ ಅಮ್ಮಾ ಎಂದೆ. ಪಕ್ಕದ ಮನೆಯ ಅಕ್ಕನೂ ಬಂದರು. ಅವರ ಮಗನಿಗೆ ಈಗ ಮೂವತ್ತು ದಾಟಿದೆ, ಹುಟ್ಟಿದಂದಿನಿಂದ ಚಾಪೆಯ ಮೇಲೆಯೇ ಇದ್ದಾನೆ. ನಾನು ಮೊಬೈಲಿನಲ್ಲಿ ತೆಗೆದ ವಿಡಿಯೋ ಹಾಕಿದೆ. ರೆಕ್ಕೆಯ ಸದ್ದು ಬಂತು. ಅಕ್ಕ ಕೂಡಲೇ, "ಸೌಂಡ್ ತೆಗಿ ಒಮ್ಮೆ" ಎಂದರು. ತೆಗೆದೆ. ಆಮೇಲೆ ಪೂರ್ತಿ ನೋಡಿದರು, ಎರಡನೇ ಸಲವೂ ಹಾಕಿಸಿ ನೋಡಿದರು. ಹೊಳೆಯೊಳಗೆ ಕಡಲು ಬಂದ ಜಾಗ ಯಾವುದು ಎಂದು ಬೆರಳಿಟ್ಟು ಕೇಳಿದರು. ಹೀಗೆ ಮೇಲಿನಿಂದ ನಮ್ಮ ಕಡೆ ಹೇಗೆ ಕಾಣಬಹುದು ಎಂದು ಮೊದಲು ಕೇಳಿದ್ದೂ ಅವರೇ.

ಬೇಕಲಕ್ಕೆ ಇಂಥ ಪ್ರವಾಸಿ ಹೆಲಿಕಾಪ್ಟರ್ ಬರಬೇಕು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳುತ್ತದೆ. ಬರಲಿ. ಹೆಲಿಕಾಪ್ಟರ್ ಎಂದ ಕೂಡಲೇ ಬೇಡ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ, ಅವರ ನೋವು ನನ್ನದೂ ಹೌದು. ಆದರೂ ನನಗೆ ಅದು ಬೇಕು. ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ ಬೇಕಲದ ಕೋಟೆ 40 ಎಕರೆ ಹರಡಿಕೊಂಡಿದೆ, ಅದರ ಬುರುಜು ಕಡಲಿಗೆ ಇಳಿದು ನಿಂತಿದೆ. ನೆಲದಿಂದ ಅದರ ತುಂಡು ತುಂಡು ಮಾತ್ರ ಸಿಗುತ್ತದೆ. ಚಂದ್ರಗಿರಿಯ ಕೋಟೆ, ಹೊಳೆಯ ತಿರುವು, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಮೊಗ್ರಾಲ್, ಕುಂಬಳೆಯ ಅಳಿವೆ, ಅನಂತಪುರದ ಕೆರೆ ನಡುವಿನ ದೇವಸ್ಥಾನ. ಜಿಲ್ಲೆಯಲ್ಲಿ 12 ಹೊಳೆಗಳು. ಒಂದೊಂದು ಹೊಳೆಯ ಬಾಯಿಗೂ ಒಂದೊಂದು ಊರು ಯಾಕೆ ಬಂತು, ಒಂದೊಂದು ಕೋಟೆ ಯಾಕೆ ಬಂತು ಎಂಬುದು ಮಕ್ಕಳಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ ಗಡಿರೇಖೆಯೂ ಮೇಲಿನಿಂದ ಹುಡುಕಿದರೆ ಸಿಗುವುದಿಲ್ಲ. ತಲಪಾಡಿಯ ಈಚೆಗೂ ಆಚೆಗೂ ಅದೇ ತೆಂಗು, ಅದೇ ಹಂಚು.

ಆದರೆ ಕಡಲ ಬದಿಗೆ ಒಂದು ಸುತ್ತು ಹಾಕಿ ಇಳಿಸಿದರೆ ಸಾಲದು. ಶಿರಿಯಾ ಹೊಳೆ ಹಿಡಿದು ಮೇಲಕ್ಕೂ ಬರಬೇಕು, ಅಡ್ಕಸ್ಥಳದವರೆಗೆ, ಎಣ್ಮಕಜೆಯ ಗುಡ್ಡೆಗಳವರೆಗೆ. ಅಲ್ಲಿ ತಗ್ಗಿಗೆ ಇಳಿಯುವುದು ಬೇಡ. ಎತ್ತರದಲ್ಲೇ, ಸದ್ದು ಬೈಲಿಗೆ ಮುಟ್ಟದಷ್ಟು ಮೇಲೆ ಹೋಗಲಿ. ಸಿಡ್ನಿಯ ಪೈಲಟ್ ಒಲಿಂಪಿಕ್ ಪಾರ್ಕ್ ತೋರಿಸಿದರು, ಮೀನಿನ ವಿಷಯ ಹೇಳಲಿಲ್ಲ. ನಮ್ಮಲ್ಲಿ ಹಾರುವವರು ಅದನ್ನೂ ಹೇಳಬೇಕು ಎಂಬುದು ನನ್ನ ಆಸೆ. ಕೆಳಗೆ ಕಾಣುವ ಹಸಿರು ಯಾವ ಗುಡ್ಡೆ, ಅದರ ಮೇಲೆ ಏನು ಬಿದ್ದಿತ್ತು, ಎಷ್ಟು ವರ್ಷ ಬಿದ್ದಿತ್ತು, ನಿಲ್ಲಿಸಿದ್ದು ಯಾರು, ಎಲ್ಲವನ್ನೂ. ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ. ಪಕ್ಕದ ಮನೆಯ ಅಕ್ಕನಿಗೆ ಇದನ್ನು ಓದಿ ಹೇಳಿದೆ. ಕಿಟಕಿ ಬದಿಯ ಸೀಟು ಕೊಟ್ಟರೆ ತಾನೂ ಬರುತ್ತೇನೆ ಎಂದಿದ್ದಾರೆ.